ಮರಣದ ದಿನಾಂಕ ಕಡ್ಡಾಯ

ಸಾರ್ವಜನಿಕರು ತಮ್ಮ ಸಾವಿನ ಬಗ್ಗೆ ಸಾಕಷ್ಟು ಯೋಚಿಸುತ್ತಿಲ್ಲ ಎಂಬುದನ್ನು ನಮ್ಮ ನಗರಸಭೆ ಗಂಭೀರವಾಗಿ ಪರಿಗಣಿಸಿ, ಪ್ರತಿಯೊಬ್ಬರೂ ‘ನನ್ನ ನಂತರ’ ಎಂಬ ವಿಷಯದ ಮೇಲೆ ಒಂದು ಚಿತ್ರ ಬರೆದುಕೊಡತಕ್ಕದ್ದೆಂದು ಠರಾವು ಮಾಡಿತು. ಕಲಾ ಸಮಿತಿಗೆ ನಾನೇ ಕಾರ್ಯದರ್ಶಿ. ಮೊದಲು ಒಳಚರಂಡಿ ವಿಭಾಗದಲ್ಲಿದ್ದೆ. ಕಲೆ ಗೊತ್ತಿಲ್ಲದಿದ್ದರೂ ಫೈಲು ಗೊತ್ತು. ಹೊಸ ಅರ್ಜಿ ಅಚ್ಚು ಹಾಕಿಸುವ ದುಂದುವೆಚ್ಚ ಏಕೆಂದು, ಉಳಿದಿದ್ದ ಮರಣ ನೋಂದಣಿ ನಮೂನೆಗಳನ್ನೇ ಹಂಚಿಸಿದೆ.

ಕಚೇರಿಯ ಮೆಟ್ಟಿಲ ಕೆಳಗೆ ಮೂವತ್ತು ವರ್ಷದಿಂದ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಟೈಲರಮ್ಮ ಮೊದಲ ದಿನವೇ ಬಂದರು. ಚಿತ್ರದಲ್ಲಿ ಅವರ ಮೆಷಿನ್, ಅದರ ಮುಂದೆ ಕೂತ ಮೊಮ್ಮಗಳು. ಚೆನ್ನಾಗಿಯೇ ಇತ್ತು. ಆದರೆ ನಮೂನೆಯಲ್ಲಿ ಒಂದು ಕಲಂ ಖಾಲಿ.

“ಮರಣದ ದಿನಾಂಕ ತುಂಬಬೇಕಮ್ಮಾ.”

“ಅಯ್ಯೋ, ಅದು ನಂಗೆ ಹೇಗೆ ಸಾರ್ ಗೊತ್ತಾಗುತ್ತೆ?”

“ಅಂದಾಜಿಗೆ ಬರೀರಿ. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ.”

ಅವರು ಬೆರಳು ಮಡಚಿ ಎಣಿಸಿದರು. “ಸೋಮವಾರ ಸ್ಕೂಲ್ ಯೂನಿಫಾರ್ಮ್ ಕೊಡೋದಿದೆ. ಮಂಗಳವಾರ ಹಾಕ್ಕೊಳ್ಳಿ.”

ನಮೂನೆ ನಿಯಮಾನುಸಾರ ಜನನ-ಮರಣ ವಿಭಾಗಕ್ಕೆ ಹೋಯಿತು. ಬುಧವಾರ ಬೆಳಿಗ್ಗೆ ಅವರು ಬರುವಷ್ಟರಲ್ಲಿ ಮೃತರ ಸೊತ್ತೆಂದು ಮೆಷಿನ್ನಿನ ಸುತ್ತ ಹಗ್ಗ ಕಟ್ಟಿಯಾಗಿತ್ತು.

“ಸಾರ್, ಗುಂಡುಕಲ್ಲಿನ ಹಾಗೆ ಎದುರಿಗೇ ಇದ್ದೀನಲ್ಲ!”

“ಕಾಣ್ತಿದೆ. ಆದರೆ ಬರೆದದ್ದು ನಿಮ್ಮ ಕೈಯಲ್ಲೇ. ಕಚೇರಿ ನಿಮ್ಮ ಮಾತು ನಂಬಬೇಕಾ, ಬೇಡವಾ?”

“ಆ ಮೆಷಿನ್ ನಿಂತ್ರೆ ನಮ್ಮನೆ ಒಲೆ ಉರಿಯಲ್ಲ. ಮೊಮ್ಮಗಳ ಹೆಸರಿಗಾದ್ರೂ ಮಾಡಿಕೊಡಿ.”

ವಾರಸುದಾರರಿಗೆ ಹದಿನೆಂಟು ತುಂಬಿರಬೇಕು, ಮಗುವಿಗೆ ಒಂಬತ್ತು. ಆದರೂ ಮಾನವೀಯತೆಯ ದೃಷ್ಟಿಯಿಂದ, ಮೆಷಿನ್ನನ್ನು ಗುಜರಿಗೆ ಹಾಕದೆ ಚಿತ್ರದ ಪಕ್ಕ ಪ್ರದರ್ಶನಕ್ಕಿಡಲು ಶಿಫಾರಸು ಮಾಡಿದೆ. ಅದಕ್ಕೇ ಪ್ರಥಮ ಬಹುಮಾನ ಬಂತು. “ಈ ತಾಯಿ ನಮ್ಮನ್ನು ಅಗಲಿದರೂ ಅವರ ಸೂಜಿ ಮಾತಾಡ್ತಿದೆ!” ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಒಂದು ನಿಮಿಷದ ಮೌನಕ್ಕೆ ಮುಂದಿನ ಸಾಲಿನಿಂದ ಟೈಲರಮ್ಮನೂ ಎದ್ದು ನಿಂತರು. ಎಲ್ಲರೂ ನಿಂತಾಗ ಒಬ್ಬರೇ ಕೂತಿರುವುದು ಮರ್ಯಾದೆಯಲ್ಲ.

ಈಗ ದಿನಾ ಹತ್ತು ಗಂಟೆಗೆ ವೀಕ್ಷಕರ ಸಾಲಿನಲ್ಲಿ ಬರುತ್ತಾರೆ. ನಿನ್ನೆ ಹಗ್ಗದಾಚೆ ಕೈ ಚಾಚಿ ಮೆಷಿನ್ನಿಗೆ ಎರಡು ತೊಟ್ಟು ಎಣ್ಣೆ ಬಿಡಲು ಹೋದರು.

“ಮುಟ್ಟಬೇಡಿ ಅಮ್ಮಾ, ಕಲಾಕೃತಿ,” ಎಂದ ಕಾವಲುಗಾರ.

“ತಪ್ಪಾಯ್ತಪ್ಪಾ,” ಎಂದು ಕೈ ಹಿಂದೆಗೆದುಕೊಂಡರು.

ಹಿಂದೆ ನಿಂತಿದ್ದ ಹೆಂಗಸೊಬ್ಬಳು, “ಯಾರದಂತೆ ಇದು?” ಎಂದಳು.

“ಇಲ್ಲೇ ಒಬ್ಬಳು ಟೈಲರಮ್ಮ ಇದ್ದಳಂತೆ,” ಎಂದರು ಟೈಲರಮ್ಮನೇ. “ಪಾಪ, ಹೊಲಿಗೆ ಗಟ್ಟಿ ಹಾಕ್ತಿದ್ದಳು.”