ಇರುವೆ ಕಚ್ಚಿದ ಹಾಗೆ

ಏಳು ವರ್ಷದ ಮಗಳು ಹೂದಾನಿ ಒಡೆದು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದಳು. ಮನೆಯಲ್ಲಿ ಬೆಕ್ಕೇ ಇರಲಿಲ್ಲ! ಅವಳ ಅಪ್ಪ, ಹಲ್ಲಿನ ಡಾಕ್ಟರು, ಅಂದೇ ಪಣ ತೊಟ್ಟರು.

“ನೀತಿ ಅನ್ನೋದು ಪಾಠ ಓದಿ ಬರಲ್ಲ ಕಣೇ, ದೊಡ್ಡವರನ್ನ ನೋಡಿ ಬರಬೇಕು,” ಎಂದು ಹೆಂಡತಿಯ ಮುಂದೆ ಘೋಷಿಸಿದರು. “ಇವತ್ತು ಸ್ಕೂಲಿಗೆ ರಜ. ಕ್ಲಿನಿಕ್‌ಗೆ ಕರ್ಕೊಂಡು ಹೋಗ್ತೀನಿ. ಸಂಜೆಯೊಳಗೆ ಇವಳ ಬಾಯಲ್ಲಿ ಸತ್ಯ ಬಿಟ್ಟು ಬೇರೇನಾದ್ರೂ ಬಂದ್ರೆ ಮೀಸೆ ಬೋಳಿಸ್ಕೋತೀನಿ.”

ಹೆಂಡತಿಯೂ ಹಲ್ಲಿನ ಡಾಕ್ಟರೇ. ಅದೇ ಕ್ಲಿನಿಕ್ಕಿನ ಎರಡನೆಯ ಕುರ್ಚಿ ಆಕೆಯದು. “ಕರ್ಕೊಂಡು ಬನ್ನಿ. ನಿಮ್ಮ ಮೀಸೆ, ನಿಮ್ಮಿಷ್ಟ,” ಎಂದರು.

ದಾರಿಯುದ್ದಕ್ಕೂ ಉಪದೇಶ ಸುರಿಯಿತು. ಯಾವ ಕಾರಣಕ್ಕೂ ಸುಳ್ಳು ಹೇಳಬಾರದು. ಪಕ್ಕದವರು ಹೇಳಿದರೂ ಸುಮ್ಮನಿರಬಾರದು. ಮಗಳು ತಲೆಯಾಡಿಸಿದಳು.

ಅಂದಿನ ಮೊದಲ ಗಿರಾಕಿ ಒಬ್ಬ ಪೈಲ್ವಾನ. ತೋಳು ಕಂಬದಷ್ಟು, ಧೈರ್ಯ ಮಾತ್ರ ಸಾಸಿವೆಯಷ್ಟು. ಹಿಂದೊಮ್ಮೆ ದವಡೆಹಲ್ಲು ಕೀಳಿಸಲು ಬಂದು ಬಾಗಿಲಿನಿಂದಲೇ ಪರಾರಿಯಾಗಿದ್ದವನು ಆ ದಿನ ಹೇಗೋ ಕುರ್ಚಿಯವರೆಗೆ ಬಂದಿದ್ದ. ಡಾಕ್ಟರು ಸಿರಿಂಜು ಎತ್ತಿಕೊಂಡರು.

“ಏನೂ ಆಗಲ್ಲ. ಇರುವೆ ಕಚ್ಚಿದ ಹಾಗೆ, ಅಷ್ಟೇ.”

ಮೂಲೆಯ ಸ್ಟೂಲಿನಿಂದ ಮಗಳು ಎದ್ದು ನಿಂತಳು. “ಅಪ್ಪ, ನೀನು ನನಗೂ ಇರುವೆ ಅಂತಲೇ ಹೇಳಿದ್ದೆ. ಅಂಕಲ್, ತುಂಬಾ ನೋವಾಗುತ್ತೆ. ಆದ್ರೆ...”

ಆ ‘ಆದ್ರೆ’ ಮುಗಿಯುವವರೆಗೆ ಕಾಯುವ ವ್ಯವಧಾನ ಪೈಲ್ವಾನನಿಗೆಲ್ಲಿ? ಎದೆಗೆ ಕಟ್ಟಿದ ಹಸಿರು ಬಟ್ಟೆಯ ಸಮೇತ ಬೀದಿಗೆ ಹಾರಿದ. ಆ ಓಟ ಕಂಡು ಹೊರಗೆ ಬೆಂಚಿನ ಮೇಲಿದ್ದವರೂ ಕೆನ್ನೆ ಹಿಡಿದುಕೊಂಡೇ ಜಾಗ ಖಾಲಿ ಮಾಡಿದರು. ಕ್ಲಿನಿಕ್ಕಿನ ಮಾನ ಉಳಿಸಲು ಡಾಕ್ಟರು ಬೆನ್ನಟ್ಟಿದರು. ಮುಖಕ್ಕೆ ಮಾಸ್ಕು, ಕೈಯಲ್ಲಿ ಸಿರಿಂಜು, ಬಾಯಲ್ಲಿ “ನೋವೇ ಆಗಲ್ಲ, ನಿಲ್ರೀ!” ಈ ಅವತಾರಕ್ಕೆ ಬೆದರಿದ ತರಕಾರಿಯವನು ತಳ್ಳುಗಾಡಿಯನ್ನು ಅಡ್ಡ ತಿರುಗಿಸಿಬಿಟ್ಟ. ಅದರ ಹಿಡಿಗೆ ಡಾಕ್ಟರ ಮುಖ ಬಡಿದು ಮುಂಭಾಗದ ಹಲ್ಲೊಂದು ಅರ್ಧಕ್ಕೆ ಮುರಿಯಿತು.

ಸ್ವಲ್ಪ ಹೊತ್ತಿನಲ್ಲೇ ಅವರು ಹೆಂಡತಿಯ ಕುರ್ಚಿಯಲ್ಲಿ ಅಂಗಾತ ಮಲಗಿದ್ದರು. ಮಗಳು ನಿಜವನ್ನೇ ಹೇಳಿದ್ದರಿಂದ ಮೀಸೆ ಉಳಿದಿತ್ತು. ಹಲ್ಲು ಮಾತ್ರ ಹೋಗಿತ್ತು. ಊರವರ ಒಸಡಿಗೆಲ್ಲ ಸೂಜಿ ಚುಚ್ಚಿದ ಮಹಾಶಯರು ತಾವು ಒಮ್ಮೆಯೂ ಚುಚ್ಚಿಸಿಕೊಂಡವರಲ್ಲ.

“ಏನೂ ಆಗಲ್ಲ ರೀ. ಇರುವೆ ಕಚ್ಚಿದ ಹಾಗೆ,” ಎಂದರು ಹೆಂಡತಿ, ನಗು ತಡೆದುಕೊಂಡು.

ಡಾಕ್ಟರು ದೀನರಾಗಿ ಮಗಳತ್ತ ತಿರುಗಿದರು. “ನೋವಾಗಲ್ಲ ಅಲ್ವೇನೇ, ಪುಟ್ಟಿ?”

“ಆಗುತ್ತೆ ಅಪ್ಪ,” ಎಂದಳು ಅವಳು. “ಆದ್ರೆ ಬೇಗ ಹೋಗಿಬಿಡುತ್ತೆ. ಅಲ್ಲೀತನಕ ನನ್ನ ಕೈ ಹಿಡ್ಕೋ. ಆ ಅಂಕಲ್‌ಗೂ ಇದನ್ನೇ ಹೇಳ್ತಿದ್ದೆ, ಅವರು ನಿಲ್ಲಲೇ ಇಲ್ಲ.”

ಡಾಕ್ಟರು ಆ ಪುಟ್ಟ ಕೈ ಹಿಡಿದುಕೊಂಡರು. ಕಣ್ಣು ತುಂಬಿ ಬಂತು. ಸೂಜಿ ಇನ್ನೂ ಚುಚ್ಚಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಕೆಮ್ಮಿದರು. ಎದೆಯ ಮೇಲೆ ಅದೇ ಹಸಿರು ಬಟ್ಟೆ, ಕೆನ್ನೆಯ ಮೇಲೆ ಕೈ. ಪೈಲ್ವಾನ!

“ಮುಂದಿನ ಸರದಿ ನನ್ನದು ಮೇಡಂ,” ಎಂದ. “ಹಲ್ಲು ನಿಮ್ಮಿಬ್ಬರಲ್ಲಿ ಯಾರು ಬೇಕಾದ್ರೂ ಕೀಳಿ. ಕೈ ಹಿಡಿಯೋಕೆ ಮಾತ್ರ ಆ ಚಿಕ್ಕ ಡಾಕ್ಟರೇ ಬೇಕು.”