ಚಾದ ಕಪ್ಪಿನ ಬುಡದಲ್ಲಿ ಶಾಕ್ ಅಬ್ಸಾರ್ಬರ್

ನಮ್ಮ ಕಡೆ ಮನುಷ್ಯನಿಗೆ ಸಾಯುವಷ್ಟು ಕೆಲಸವಿದ್ದರೂ ಬಾಗಿಲಿಗೆ ಬಂದವರಿಗೆ ಚಾ ಕೊಟ್ಟೇ ಸಾಯಬೇಕು. ಕೊಡದೆ ಸತ್ತರೆ ಮಣ್ಣಿಗೆ ಬಂದವರೂ ಅದನ್ನೇ ಆಡಿಕೊಳ್ಳುತ್ತಾರೆ. ಈ ಸಂಸ್ಕಾರವನ್ನು ನಾನು ನರೋಣಾದಲ್ಲಿ ನಮ್ಮವ್ವನಿಂದ ಕಲಿತೆ, ಜೇವರ್ಗಿಯ ನನ್ನ ಸ್ಟೇಷನರಿ ಅಂಗಡಿಯಲ್ಲಿ ಬೆಳೆಸಿದೆ, ಕಡೆಗೆ ಎಳ್ಳ ಅಮಾವಾಸ್ಯೆಯ ದಿನ ಕಾರಿನ ಮಗ್ಗುಲಲ್ಲಿ ಕೂತು ಅನುಭವಿಸಿದೆ.

ಅವತ್ತು ನೆಲೋಗಿಯಲ್ಲಿ ಮಾವನವರ ಹೊಲದಲ್ಲಿ ಊಟ. ಊಟಕ್ಕೆ ಮೊದಲು ಭೂತಾಯಿಗೆ ಎಡೆಯೆಂದು ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲಬೇಕು. ಹಿರಿಮಗಳ ಕೈಯ ಭಜ್ಜಿ, ಅಂದರೆ ಸೊಪ್ಪು-ಕಾಳುಗಳ ಪಲ್ಯ, ಬಾರದೆ ಮಾವ ಚರಗಕ್ಕೆ ಕೈ ಹಚ್ಚುವವರಲ್ಲ. ನಮ್ಮ ಕಾರಿನ ಮುಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿಕೊಂಡು ಕೂತಿತ್ತು. ಊರಿನ ಮೆಕ್ಯಾನಿಕ್ಕರೆಲ್ಲ ಅವರವರ ಹೊಲಗಳಿಗೆ ಹೋಗಿದ್ದರು. "ಬಸ್ಸಿಗೆ ಹೋಗೋಣ್ರಿ" ಎಂದಳು ಹೆಂಡತಿ ಶಾಂತಾ, ಭಜ್ಜಿಯ ಪಾತ್ರೆಗೆ ಬಟ್ಟೆ ಕಟ್ಟುತ್ತಾ. "ಹೊಸಾದು ತಂದಿಟ್ಟೇನಿ, ನಾನೇ ಕೂಡಿಸ್ತೇನಿ ಬಿಡು" ಎಂದೆ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ ಗಂಡಸಿಗೆ ಬರುವ ಧೈರ್ಯ ಶತ್ರುವಿಗೂ ಬೇಡ.

ಗ್ಯಾರೇಜಿನಿಂದ ಹಿಂದಿನ ದಿನ ಕಡ ತಂದಿದ್ದ ಕೊಂಡಿಗಳನ್ನು ಹಳೆಯ ಶಾಕಿನ ಸುತ್ತಲಿನ ಸ್ಪ್ರಿಂಗಿನ ಎರಡೂ ಬದಿಗೆ ಸಿಕ್ಕಿಸಿ, ಒಮ್ಮೆ ಇತ್ತ ಒಮ್ಮೆ ಅತ್ತ ಬೋಲ್ಟು ಬಿಗಿಯುತ್ತಾ ಅದುಮಿದೆ. ಅದುಮಿದ ಸ್ಪ್ರಿಂಗು ಸಿಟ್ಟು ನುಂಗಿಕೊಂಡ ಬೀಗರಿದ್ದಂತೆ. ಕೊಂಡಿ ಜಾರಿದರೆ ಮುಂದಿನ ಹಲ್ಲುಗಳ ಆಸೆ ಬಿಡಬೇಕು. ಇನ್ನು ಹೊಸ ಶಾಕಿನ ಸರಳಿಗೆ ಹೊಡೆತ ತಡೆಯುವ ದಪ್ಪ ರಬ್ಬರು ತೊಡಿಸಿ, ಸ್ಪ್ರಿಂಗು ಕೂರಿಸಿ, ಮೇಲಿನ ನಟ್ಟು ಬಿಗಿಯುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಮಹಬೂಬ್ ಸಾಬರು ಬಂದರು.

"ಕ್ಯಾ ಬಾತ್ ಹೈ ಸಾವಕಾರ್ರ! ಕಾರ್ ಬಿಚ್ಚಾಕತ್ತೀರೇನ್ರಿ?"

"ಬರ್ರಿ ಬರ್ರಿ, ಕುಂದ್ರಿ. ಚಾ ಕುಡೀರಿ."

ಎದ್ದೆ, ಕೈ ಒರೆಸಿಕೊಂಡೆ, ಕುರ್ಚಿ ಹಾಕಿದೆ. ಚಾ ಬಂತು. ಅವರು ತೊಗರಿಯ ರೇಟು, ಅಫಜಲಪುರದ ರಸ್ತೆ, ತಮ್ಮ ಮೊಣಕಾಲು, ಎಲ್ಲವನ್ನೂ ಹೇಳಿ ಹೋದರು. ನಾನು ಅವಸರದಲ್ಲಿ ಸ್ಪ್ರಿಂಗು ಕೂರಿಸಿ, ನಟ್ಟು ಬಿಗಿದು, ಕೊಂಡಿ ಸಡಿಲಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಶಾಂತಾ ಕಪ್ಪು ಎತ್ತಲು ಬಂದಳು. "ಇದೇನ್ರಿ, ಕಪ್ಪಿನ ಬುಡಕ್ಕ?"

ಆ ದಪ್ಪ ರಬ್ಬರು! ಸಾಬರು ಅದನ್ನು ಮಣೆಯೆಂದುಕೊಂಡು ಅದರ ಮೇಲೆ ಕಪ್ಪಿಟ್ಟಿದ್ದರು. ನಾನು ಅದನ್ನು ಕಂಡಿದ್ದೆ ಕೂಡ. ಆದರೆ ಅತಿಥಿಯ ಕಪ್ಪಿನ ಬುಡಕ್ಕೆ ಕೈ ಹಾಕುವುದುಂಟೇ? ಅವರು ಹೋಗಲಿ ಎಂದು ಬಿಟ್ಟು, ಹೋದ ಮೇಲೆ ಮರೆತಿದ್ದೆ. ಅದಿಲ್ಲದೆ ಹೋದರೆ ಪ್ರತಿ ಗುಂಡಿಯಲ್ಲೂ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಮತ್ತೆ ಕೊಂಡಿ, ಮತ್ತೆ ಬೋಲ್ಟು. ಸೂರ್ಯ ನೆತ್ತಿಯ ಹತ್ತಿರ ಬರುತ್ತಿದ್ದ. ನನಗೆ ಅಳುವೇ ಬಂತು.

ಅರ್ಧ ಅದುಮಿರುವಾಗ ಬೆನ್ನ ಹಿಂದೆ ಮತ್ತೆ ಗೇಟು ಕಿರುಗುಟ್ಟಿತು. ಆ ಕ್ಷಣ ನರೋಣಾದ ಸಂಸ್ಕಾರವೆಲ್ಲ ಹಾರಿಹೋಯಿತು. ತಲೆ ಎತ್ತದೆಯೇ ಕೂಗಿದೆ: "ಚಾ ಇಲ್ಲ, ಕುರ್ಚಿ ಇಲ್ಲ! ಬಂದ ದಾರಿ ಹಿಡದು ಹೋಗ್ರಿ!"

ತಿರುಗಿ ನೋಡಿದರೆ ಮಾವ. ನಮ್ಮ ದಾರಿ ಕಾದು ಸಾಕಾಗಿ ಬೈಕಿನ ಮೇಲೆ ಬಂದಿದ್ದರು. ಭಜ್ಜಿಯ ಪಾತ್ರೆಯನ್ನೂ ಮಗಳನ್ನೂ ಬೈಕಿಗೆ ಹತ್ತಿಸಿಕೊಂಡು, ನಾನು ಹೇಳಿದಂತೆ ಬಂದ ದಾರಿಯನ್ನೇ ಹಿಡಿದರು.

ನಾನು ಕಾರು ಕೂಡಿಸಿಕೊಂಡು ಹೊಲ ಮುಟ್ಟುವ ಹೊತ್ತಿಗೆ ಚರಗ ಮುಗಿದು ಪಂಕ್ತಿ ಕೂತಿತ್ತು. ಖಾಲಿ ಜಾಗ ನೋಡಿ ಮೆಲ್ಲಗೆ ಸರಿದೆ. ಮಾವ ಸೌಟು ಹಿಡಿದು ಎದುರಿಗೇ ಬಂದು ನಿಂತರು.

"ಅಳಿಯಂದ್ರ, ನಿಮಗ ಕುಂದ್ರಿ ಅನ್ನಬೇಕೋ, ಹೋಗ್ರಿ ಅನ್ನಬೇಕೋ?"

ಇಡೀ ಪಂಕ್ತಿ ನಕ್ಕಿತು. ಶಾಂತಾಳಂತೂ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಕೂತೇಬಿಟ್ಟೆ, ಭಜ್ಜಿಯನ್ನು ಎರಡು ಸಲ ಹಾಕಿಸಿಕೊಂಡೆ. ಮರ್ಯಾದೆಯಂತೂ ಹೋಗಿತ್ತು, ಹೊಟ್ಟೆಯನ್ನೇಕೆ ಅದರ ಹಿಂದೆ ಕಳಿಸಲಿ?