ಒಂದು ಸೊಟ್ಟ ಕಾಲು, ಎರಡು ಆಪರೇಶನ್ನು

ನಮ್ಮ ಗಜೇಂದ್ರಗಡದ ಓಣ್ಯಾಗ ಯಾರಿಗಾದ್ರೂ ನೆಗಡಿ ಬಂದ್ರ ಸಾಕು, ಔಷಧ ಹೇಳಾಕ ನಾಕು ಮಂದಿ ಬಂದು ಕುಂತು ಚಾ ಕುಡದು ಹೋಗ್ತಾರ. ಅಂಥಾದ್ರಾಗ ನನಗ ಬಂದಿದ್ದು ಆಪರೇಶನ್ನು. ಅದೂ ಎರಡರಾಗ ಒಂದು ಆರಿಸಿಕೊಳ್ಳೋ ಆಪರೇಶನ್ನು! ಇನ್ನ ಕೇಳಬೇಕಾ?

೧. ಡಾಕ್ಟ್ರ ಹೆಂಡ್ತಿ ಕಾಲು

ನಾನು ಕೈಮಗ್ಗದಾಕಿ. ಮಗ್ಗದ ಕೆಳಗಿನ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು, ಎರಡು ಹಲಗಿ ಒಂದಾದ ಮ್ಯಾಲೊಂದು ತುಳಕೋಂತ ಸೀರಿ ನೇಯೋದು ನನ್ನ ಕೆಲಸ. ಹಿಂದೊಮ್ಮೆ ನಿಚ್ಚಣಿಕಿಯಿಂದ ಬಿದ್ದು ಎಡಗಾಲು ಮುರಕೊಂಡಿದ್ದೆ. ಎಲುಬು ಕೂಡೋದೇನೋ ಕೂಡ್ತು, ಆದ್ರ ಸೊಟ್ಟ ಕೂಡ್ತು. ಪಾದ ಒಳಗ ವಾಲಿ, ಅದರ ಕೀಲು ಸವದು, ಹಲಗಿ ತುಳಿದಾಗೊಮ್ಮೆ ಜೀವ ಹೋಗಿ ಬರತಿತ್ತು.

ರೋಣದ ಎಲುಬಿನ ಡಾಕ್ಟ್ರು ಎಕ್ಸರೇ ನೋಡಿ ಹೇಳಿದ್ರು: "ಎರಡು ದಾರಿ ಅದಾವ್ರಿ ಅವ್ವಾರ. ಕೀಲಿಗೆ ಸ್ಕ್ರೂ ಹಾಕಿ ಜೋಡಿಸಿಬಿಟ್ರ ನೋವು ಹೋಗತೈತಿ, ಆದ್ರ ಅಲ್ಲಿ ಪಾದ ಮಡಚಾಕ ಬರಂಗಿಲ್ಲ. ಇಲ್ಲಾಂದ್ರ ಕೀಲಿನ ಮ್ಯಾಲಿನ ಎಲುಬು ಕಡಿದು ನೆಟ್ಟಗ ಕುಂದ್ರಸೋದು. ಕಾಲು ಆಡತೈತಿ, ಆದ್ರ ನೋವು ಪೂರ್ತಿ ಹೋಗತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ. ಮುಂದ ಎಂದಾದ್ರೂ ಜೋಡಿಸಬೇಕಾಗಬಹುದು. ನೀವ ವಿಚಾರ ಮಾಡಿ ಹೇಳ್ರಿ."

ನಮ್ಮ ಮನಿಯವ್ರು ಗಾಬರಿ ಆದ್ರು. "ಅಲ್ರೀ ಸಾಹೇಬ್ರ, ನಾವು ನಿಮ್ಮನ್ನ ಕೇಳಾಕ ಬಂದ್ರ ನೀವ ನಮ್ಮನ್ನ ಕೇಳ್ತೀರಲ್ರೀ! ಹೋಗ್ಲಿ, ನಿಮ್ಮ ಮನ್ಯಾಗಿನವ್ರ ಕಾಲು ಹಿಂಗಿದ್ರ ಏನ್ ಮಾಡ್ತಿದ್ರಿ?"

"ನನ್ನ ಹೆಂಡ್ತಿ ಮಗ್ಗ ನೇಯಂಗಿಲ್ರೀ. ಆಕಿದಾಗಿದ್ರ ಜೋಡಿಸ್ತಿದ್ದೆ," ಅಂದ್ರು ಡಾಕ್ಟ್ರು.

ಇವ್ರು ಅದನ್ನ ತಮಗ ತಿಳಿದಂಗ ತಿಳಕೊಂಡ್ರು. ಬಸ್ಸು ಜಕ್ಕಲಿ ಮುಟ್ಟೋದ್ರಾಗ ಬಾಜೂಕ ಕುಂತವ್ರಿಗೆ, "ಪಾಪ, ಡಾಕ್ಟ್ರ ಹೆಂಡ್ತಿದೂ ಕಾಲು ಸೊಟ್ಟ ಐತಂತ್ರಿ" ಅಂತ ಹೇಳಿ ಲೊಚಗುಟ್ಟಿದ್ರು. ಮುಂದಿನ ಸಲ ಹೋದಾಗ ಎಳನೀರು ಒಯ್ದು ಡಾಕ್ಟ್ರ ಟೇಬಲ್ ಮ್ಯಾಲಿಟ್ಟು, "ಅಕ್ಕಾರು ಈಗ ಎದ್ದು ಅಡ್ಡಾಡ್ತಾರೇನ್ರಿ?" ಅಂತ ಕೇಳೇಬಿಟ್ರು!

೨. ಹಣಮಪ್ಪನ ಬಲಗಡಿ

ಮನ್ಯಾಗ ಎರಡು ಪಾರ್ಟಿ ಆದುವು. ನಮ್ಮತ್ತಿದು ಜೋಡಿಸೋ ಪಾರ್ಟಿ. ನಮ್ಮ ಮನಿಯವ್ರದು ಕಡಿಯೋ ಪಾರ್ಟಿ, ಯಾಕಂದ್ರ "ಮಗ್ಗ ಬಿಟ್ರ ಇಕಿ ದಿನಾ ಕುಂತು ನನ್ನ ತಲಿ ತಿಂತಾಳ." ಕಾಲು ಯಾರದೈತಿ, ಆಕಿಗೂ ಒಂದು ಮಾತು ಕೇಳೂಣು ಅಂದವ್ರು ಒಬ್ರೂ ಇಲ್ಲ.

ಕಡೀಕೆ ನಮ್ಮತ್ತಿ, "ದೇವ್ರನ್ನ ಕೇಳಿಬಿಡೂಣು ನಡೀರಿ" ಅಂದ್ಳು. ನಮ್ಮ ಕಡೆ ಹಣಮಪ್ಪನ ಎರಡೂ ಭುಜಕ್ಕ ತೊಯ್ಸಿದ ಹೂವು ಹಚ್ಚಿ ಬೇಡ್ಕೋತಾರ, ಯಾವ ಕಡಿಂದು ಮೊದಲು ಬೀಳತೈತೋ ಅದು ದೇವ್ರ ಅಪ್ಪಣಿ. "ಬಲಗಡಿ ಬಿದ್ರ ಜೋಡಿಸೋದು, ಎಡಗಡಿ ಬಿದ್ರ ಕಡಿಯೋದು" ಅಂತ ಬೇಡಿಕೊಂಡ್ಳು. ಆಕಿ ಬಲಗೈ ಕಡೀಗೆ ಹೂವು ಟಪ್ಪಂತ ಬಿತ್ತು. ಅತ್ತಿ ಚಪ್ಪಾಳಿ ತಟ್ಟಿದ್ಳು.

"ತಡಿಯವಾ," ಅಂದ್ರು ಇವ್ರು, "ದೇವ್ರು ನಮಗ ಮಾರಿ ಮಾಡಿ ನಿಂತಾನ. ನಿನ್ನ ಬಲ ಅಂದ್ರ ಅವನ ಎಡ!"

"ಬೇಡಿಕೊಂಡಾಕಿ ನಾನು, ನನ್ನ ಬಲಾನ ಖರೇ!"

"ಬೀಳಿಸಿದಾಂವ ಅವನು!"

ತಾಯಿ ಮಗ ಗುಡ್ಯಾಗ ಜಗಳಕ್ಕ ನಿಂತ್ರು. ಪೂಜಾರಪ್ಪಗ ಸಾಕಾಗಿ, "ಇನ್ನೊಮ್ಮೆ ಕೇಳೂಣು ತಗೋರಿ" ಅಂತ ಹೂವು ಹಚ್ಚಿದಾ. ಈ ಸಲ ಎರಡೂ ಹೂವು ಕೂಡೇ ಬಿದ್ದುವು. ನಮ್ಮತ್ತಿ ಹಣಮಪ್ಪನ್ನ ಸಿಟ್ಟಿಲೆ ನೋಡಿ ಅಂದ್ಳು: "ಇವನೂ ಆ ಡಾಕ್ಟ್ರ ಹಂಗ ಆದಾ ನೋಡ್ರಿ. ನೀವ ವಿಚಾರ ಮಾಡಿ ಹೇಳ್ರಿ ಅಂತಾನ!"

೩. ಕುಣ್ಯಾಗ ಸಿಕ್ಕೊಂಡಿದ್ದು

ಈ ಕಥಿ ಕೇಳಿ ಡಾಕ್ಟ್ರು ಹೊಟ್ಟಿ ಹಿಡಕೊಂಡು ನಕ್ರು. ಆಮ್ಯಾಲ, "ಹಿಂಗ ಮಾಡೂಣ್ರಿ ಅವ್ವಾರ. ಸ್ವಲ್ಪ ದಿನ ಪ್ಲಾಸ್ಟರ್ ಹಾಕಿ ಕಳಸ್ತೀನಿ. ಕೀಲು ಜೋಡಿಸಿದ್ರ ಹ್ಯಾಂಗಿರತೈತಿ ಅಂತ ನಿಮಗ ತಿಳೀತೈತಿ" ಅಂದ್ರು.

ಹಾಕಿಸಿಕೊಂಡು ನಾಕು ಹೆಜ್ಜಿ ನಡದೆ. ಅಯ್ಯ ನಮ್ಮವ್ವ, ನೋವು ಎಲ್ಲಿ ಹೋತು! ನಾನೂ ಅತ್ತಿ ಪಾರ್ಟಿಗೆ ಹೋದೆ. ಆ ಹುರುಪಿನಾಗ ಮನಿಗೆ ಬಂದಾಕಿ ಸೀದಾ ಮಗ್ಗಕ್ಕ ಇಳಿದೆ.

ಕಾಲು ಒನಕಿ ಆಗಿತ್ತಲ್ಲ, ಒಂದು ಹಲಗಿ ತುಳಿಯಾಕ ಹೋದ್ರ ಎರಡೂ ಕೂಡೇ ಕೆಳಗ ಹೋದುವು. ಎಳಿ ಎಲ್ಲಾ ಗಂಟು. ತಗೀಬೇಕಂದ್ರ ಪ್ಲಾಸ್ಟರ್ ಹಲಗಿ ಸಂದ್ಯಾಗ ಸಿಕ್ಕೊಂಡು ಕುಂತೈತಿ! ಇವ್ರು ಒಂದು ರಟ್ಟಿ, ಬಾಜೂಮನಿ ಅಕ್ಕ ಒಂದು ರಟ್ಟಿ ಹಿಡದು ಎಳದ್ರು. ನಾ ಬರಲಿಲ್ಲ.

"ಎಳಿ ಕೊಯ್ದು ಮಗ್ಗ ಬಿಚ್ರೀ," ಅಂದ್ಳು ಅಕ್ಕ.

ನಮ್ಮತ್ತಿ ಒಳಗಿಂದ ಓಡಿ ಬಂದ್ಳು. "ಯಾರಾದ್ರೂ ಮಗ್ಗ ಮುಟ್ಟೀರಿ ಮತ್ತ! ಸೀರಿ ಅರ್ಧ ಆಗೇತಿ. ಇಕಿ ಅಲ್ಲೇ ಇರಲಿ, ಊಟ ಅಲ್ಲಿಗೇ ಕೊಡ್ತೀನಿ!"

೪. ಒದ್ದ ಸುದ್ದಿ

ಹ್ಯಾಂಗೋ ಕಾಲು ಬಿಡಿಸಿಕೊಂಡು ಹೊರಗ ಬಂದು, ನಕ್ಕು ನಕ್ಕು ಸಾಕಾದ ಮ್ಯಾಲ ನನಗ ಅಳು ಬಂತು. ಮಗ್ಗ ಬಿಟ್ಟು ನಾ ಹ್ಯಾಂಗ ಇರ್ಲಿ? ಡಾಕ್ಟ್ರಿಗೆ ನಾನ ಹೇಳಿದೆ: "ಕಡೀರಿ ಸಾಹೇಬ್ರ. ನೋವು ಬಂದ್ರ ಬರಲಿ, ಬಂದಾಗ ನೋಡ್ಕೊಳ್ಳೂಣು." ಅವ್ರೂ, "ಕೀಲು ಇನ್ನೂ ಅಷ್ಟು ಕೆಟ್ಟಿಲ್ಲ, ಆಗ್ಲಿ ಬಿಡ್ರಿ" ಅಂದ್ರು.

ಆಪರೇಶನ್ ಆತು, ಎಲುಬೂ ಕೂಡ್ತು. ಪ್ಲಾಸ್ಟರ್ ತಗಿಯೋ ದಿನ ಇವ್ರೂ ನನ್ನ ಜೋಡಿ ಒಳಗ ಬಂದ್ರು. ಕಾಲು ನೆಟ್ಟಗಾಗಿತ್ತು, ಆದ್ರ ಸಣ್ಣ ಆಗಿ ಕಡ್ಡಿಯಂಗ ಕಾಣತಿತ್ತು. "ಪಾದ ಕೆಳಗ ಒತ್ರಿ" ಅಂದ್ರು ಡಾಕ್ಟ್ರು. ಒತ್ತಿದೆ. ಅದು ಅಳ್ಳಾಡಲೇ ಇಲ್ಲ. ಇಷ್ಟೆಲ್ಲಾ ಮಾಡಿ ಕಾಲು ಹೋತಲ್ಲಪಾ ಅಂತ ಕಣ್ಣಾಗ ನೀರು ಬಂದುವು.

ನಮ್ಮ ಮನಿಯವ್ರಿಗೆ ತಡೀಲಿಲ್ಲ. ನನ್ನ ಮುಂದ ತುದಿಗಾಲ ಮ್ಯಾಲ ಕುಂತು, ಎರಡೂ ಅಂಗೈ ಅಂಗಾಲಿಗೆ ಹಚ್ಚಿದ್ರು. "ಇದ ಹಲಗಿ ಅಂತ ತಿಳಿ. ಅಂಜಬ್ಯಾಡ. ತುಳಿ ನೋಡೂಣು," ಅಂತ ಬಾಯಿಲೆ ಮಗ್ಗದ ಸಪ್ಪಳ ಮಾಡಾಕ ಹತ್ತಿದ್ರು. "ಖಟ್ ಪಟಾ, ಖಟ್ ಪಟಾ..."

ಆ ಸಪ್ಪಳ ಕೇಳಿದ್ದ ತಡ, ಕಾಲಿಗೆ ಏನು ನೆಪ್ಪಾತೋ! ಇದ್ದ ಬಿದ್ದ ಕಸುವೆಲ್ಲಾ ಹಾಕಿ ತುಳಿದುಬಿಡ್ತು. ಇವ್ರು ಅಂಗಾತ ಹೋಗಿ ಪ್ಲಾಸ್ಟರ್ ಚೂರಿನ ಬುಟ್ಟ್ಯಾಗ ಬಿದ್ರು.

ತಲಿಮ್ಯಾಲಿನ ಸುಣ್ಣ ಸೈತ ಜಾಡಿಸಿಕೊಳ್ಳಲಿಲ್ಲ. ಎದ್ದು ಹೊರಗ ಓಡಿ, ಪಾಳಿ ಹಚ್ಚಿ ಕುಂತ ಮಂದಿ ಮುಂದ ಕೈ ಎತ್ತಿ ಕುಣದ್ರು: "ಒದ್ಲುರೀ! ನನ್ನ ಹೆಂಡ್ತಿ ನನ್ನ ಒದ್ಲುರೀ!"

ಮಂದಿ ಎಲ್ಲಾ ಕಣ್ಣು ಕಣ್ಣು ಬಿಟ್ರು. ಗಂಡನ್ನ ಜೋಡಿ ಮಾಡ್ಕೊಂಡು ಬಂದು ಮೂಲ್ಯಾಗ ಕುಂತಿದ್ದ ನರಗುಂದದ ಅಮ್ಮ ಒಬ್ಬಾಕಿ ಮಾತ್ರ ಸೆರಗು ಸರಿ ಮಾಡ್ಕೊಂಡು ಒಳಗ ಬಂದ್ಳು. ಡಾಕ್ಟ್ರ ಕಿವ್ಯಾಗ ಸಣ್ಣ ದನಿಲೆ ಕೇಳಿದ್ಳು:

"ಸಾಹೇಬ್ರ, ಇಕಿಗೆ ಯಾವ ಆಪರೇಶನ್ ಮಾಡೀರಿ? ನನಗೂ ಅದನ್ನ ಮಾಡ್ರಿ."